ಎಡಗೈಗೊಂದು ಹಿಡಿ

ಹುಡುಗಿಗೆ ಯಾವ ಪಿಸ್ತೂಲು ಕೊಡಬೇಕು ಎಂಬ ಪ್ರಶ್ನೆ ಏಳುವ ಮೊದಲೇ ನನ್ನ ಮನಸ್ಸು ಉತ್ತರ ಇಟ್ಟುಕೊಂಡು ಕೂತಿತ್ತು. ಪಾಯಿಂಟ್ ಟೂ-ಟೂ. ನಾನು ಕಲಿತದ್ದು ಅದರಲ್ಲಿ, ಪೊಲೀಸ್ ತಂಡಕ್ಕೆ ಆಡಿದ್ದು ಅದರಲ್ಲಿ. ಗುಂಡು ಹಾರಿದಾಗ ಒಣ ಪುಳ್ಳೆ ಮುರಿದಷ್ಟೇ ಸದ್ದು, ಮಣಿಕಟ್ಟಿಗೆ ಒಂದು ಸಣ್ಣ ತಟ್ಟು, ಆಮೇಲೆ ಮೂಗಿಗೆ ಬರುವ ಸುಟ್ಟ ಮದ್ದಿನ ವಾಸನೆ. ನೌಕರಿ ಬಿಟ್ಟು ಹರಪನಹಳ್ಳಿಗೆ ಬಂದು ಕೂತ ಮೇಲೂ ಕುಕ್ಕರ್ ಸೀಟಿ ಕಾಯುತ್ತಾ ನಿಂತಾಗ ನನ್ನ ತೋರುಬೆರಳು ತಾನೇ ಮಡಚಿಕೊಳ್ಳುತ್ತಿತ್ತು.

ಆದರೆ ನನಗೆ ಗುರಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣಿನ ಪರದೆಯ ನಡುಭಾಗವನ್ನು ತಿಂದುಹಾಕಿದೆ. ಅಂಚಿನಲ್ಲಿ ಎಲ್ಲ ಕಾಣುತ್ತದೆ, ಬಾಗಿಲು, ಬಸ್ಸು, ಎದುರಿಗೆ ಬರುವ ಎಮ್ಮೆ. ನೆಟ್ಟಗೆ ಯಾವುದನ್ನು ನೋಡುತ್ತೇನೋ ಅದು ಮಾತ್ರ ಬೆರಳಲ್ಲಿ ಒರೆಸಿದ ಹಾಗೆ ಮಬ್ಬು. ಪಿಸ್ತೂಲಿನ ತುದಿಯಲ್ಲಿ ಫೋರ್‌ಸೈಟ್ ಎಂಬ ಒಂದು ಕರಿ ತುಂಡು ಇರುತ್ತದೆ. ಹಿಂಬದಿಯ ಪಟ್ಟಿಯ ಕಚ್ಚಿನ ನಡುವೆ ಅದನ್ನು ನಿಲ್ಲಿಸಿ, ಅದರ ಮೇಲಂಚು ಬ್ಲೇಡಿನಷ್ಟು ಚೂಪಾಗಿ ಕಾಣುವವರೆಗೂ ಕಾದು, ಆಮೇಲೆ ಟ್ರಿಗರ್ ಒತ್ತಬೇಕು. ಆ ಅಂಚನ್ನು ಇನ್ನೊಮ್ಮೆ ಕಾಣಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಹೇಳಿದರೆ ಜನ ನಕ್ಕಾರು.

ಊರಿನ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಗೋದಾಮು ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಅವರನ್ನು ಕಾಡಿ ಬೇಡಿ ಅದರೊಳಗೆ ಹತ್ತು ಮೀಟರ್ ಅಳೆದು, ಕೊನೆಗೋಡೆಗೆ ತಗಡು ಹೊದಿಸಿದ ಮರದ ಪೆಟ್ಟಿಗೆ ಇಟ್ಟು, ಮೇಲೊಂದು ಟ್ಯೂಬ್‌ಲೈಟ್ ಹಾಕಿದ್ದೆ. ಅಲ್ಲಿಗೆ ಒಂದು ಶಾಲೆಯ ದೈಹಿಕ ಶಿಕ್ಷಕರು ಹುಡುಗಿಯನ್ನು ಕರೆತಂದರು. ಅರಸೀಕೆರೆಯಿಂದ ದಿನಾ ಬಸ್ಸಿಗೆ ಬರುವ ಎಂಟನೇ ಕ್ಲಾಸಿನ ಹುಡುಗಿ. ಮಾತು ಕಡಿಮೆ, ಕಂಬದ ಹಾಗೆ ನಿಲ್ಲುತ್ತಾಳೆ ಅಂದರು. ತುಂಬಿದ ಚೊಂಬನ್ನು ಅವಳ ಬಲಗೈಗೆ ಕೊಟ್ಟು, ತೋಳು ಚಾಚಿ ಹಿಡಿ ಅಂದೆ. ನಾನು ಚಹಾ ಕುಡಿದು ಮುಗಿಸಿದರೂ ಒಂದು ಹನಿ ಚೆಲ್ಲಲಿಲ್ಲ.

ದೀಪಾವಳಿಗೆ ಮೊದಲು ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ಇತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಹಾಗಾಗಿ ಇದೊಂದೇ ಅವಕಾಶ. ಅಪ್ಪ ಅವ್ವ ಕೂಲಿಯವರು, ಮನೆಯ ಯಜಮಾನಿಕೆ ಅಜ್ಜಿಯದು. ಅಜ್ಜಿ ಒಪ್ಪಿದ್ದು ಕೂಡ ಆ ಒಂದು ಆಯ್ಕೆಯವರೆಗೆ ಮಾತ್ರ. ಆಗದಿದ್ದರೆ ಶಾಲೆ ಬಿಟ್ಟೊಡನೆ ಸೀದಾ ಮನೆ, ಪಿಸ್ತೂಲಿನ ಮಾತು ಎತ್ತಬಾರದು. ಹುಡುಗಿಯನ್ನು ಕೇಳಿದೆ, ನಿನಗೆ ಆಸೆ ಇದೆಯಾ ಎಂದು. "ಭಾಳ ಐತ್ರಿ" ಅಂದಳು. ಅಷ್ಟೇ ಅಂದಳು, ಆದರೆ ಅಂದ ರೀತಿ ನನಗೆ ಸಾಕಾಯಿತು.

ನಾನು ಮೊದಲು ಓಡಿದ್ದು ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದ ಒಂದು ಕ್ಲಬ್ಬಿಗೆ. ಅಲ್ಲೊಂದು ಹಳೆಯ ಪಾಯಿಂಟ್ ಟೂ-ಟೂ ಇದೆ ಎಂದು ಗೊತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಎಲ್ಲ ಕೇಳಿ, ಇದು ಲೈಸೆನ್ಸಿನ ಆಯುಧ, ಕ್ಲಬ್ಬಿನ ಗೋಡೆ ದಾಟಿ ಹೋಗುವುದಿಲ್ಲ, ಹುಡುಗಿ ಭಾನುವಾರ ಇಲ್ಲಿಗೇ ಬರಬೇಕು, ಅಲ್ಲದೆ ನಿಮ್ಮ ಆಯ್ಕೆ ನಡೆಯುವುದು ಏರ್ ಪಿಸ್ತೂಲಿನಲ್ಲಿ ಎಂದು ಒಂದೊಂದಾಗಿ ಹೇಳಿದರು. ನಾನು ವಾದ ಮಾಡಿದೆ. ಅವರು ನಕ್ಕು ಕೇಳಿದರು: "ಪಿಸ್ತೂಲು ಯಾರಿಗ್ರೀ ಮೇಡಂ, ಹುಡುಗಿಗೋ, ನಿಮಗೋ?"

ಸಿಟ್ಟು ಬಂತು. ನನಗೆ ಸಿಟ್ಟು ಬೇಗ, ಅದರಲ್ಲೂ ಎದುರಿನವರ ಮಾತು ನಿಜವಾಗಿದ್ದರೆ ಇನ್ನೂ ಬೇಗ. ವಾಪಸ್ಸು ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹಡಗಲಿಯ ಹೂವಿನಾಕೆ ಮಲ್ಲಿಗೆ ಕೊಡಲು ಬಂದಳು. ಬೇಡ ಎಂದು ಗದರಿಬಿಟ್ಟೆ, ಪಾಪ.

ಏರ್ ಪಿಸ್ತೂಲಿಗೆ ಲೈಸೆನ್ಸಿನ ತಕರಾರಿಲ್ಲ, ಮದ್ದಿಲ್ಲ, ಗಾಳಿಯ ಒತ್ತಡಕ್ಕೆ ಸೀಸದ ಚಿಕ್ಕ ಪೆಲೆಟ್ ಹಾರುತ್ತದೆ. ಅಂಗಡಿಯಿಂದ ಮೊದಲು ಸ್ಪ್ರಿಂಗಿನದೊಂದು ತರಿಸಿ ನೋಡಿದೆ. ಅದರ ನಳಿಗೆ ಬಗ್ಗಿಸಿ ಸ್ಪ್ರಿಂಗು ಕೂಡಿಸಲು ಹುಡುಗಿ ಮೊಣಕಾಲು ಊರಬೇಕಾಯಿತು. ಹೊಡೆದರೆ ಪೆಲೆಟ್ ನಳಿಗೆ ಬಿಡುವ ಮೊದಲೇ ಒಳಗಿನ ಸ್ಪ್ರಿಂಗು ಜಿಗಿದು ಇಡೀ ಪಿಸ್ತೂಲು ಮುಂದಕ್ಕೆ ಮುಗ್ಗರಿಸುತ್ತಿತ್ತು. ಹೊಸಬರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ, ಗುರಿ ತಪ್ಪಿದ್ದು ತನ್ನಿಂದಲೋ ಪಿಸ್ತೂಲಿನಿಂದಲೋ ಗೊತ್ತೇ ಆಗುವುದಿಲ್ಲ. ಅದನ್ನು ತಿರುಗಿ ಕಳಿಸಿದೆ. ಕೊನೆಗೆ ಹಗರಿಬೊಮ್ಮನಹಳ್ಳಿಯ ಒಬ್ಬ ಹುಡುಗ, ಕಾಲೇಜಿನಲ್ಲಿ ಆಡುತ್ತಿದ್ದವನು, ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ತನ್ನದನ್ನು ಮಾರುತ್ತಾನೆಂದು ತಿಳಿಯಿತು. ನಳಿಗೆಯ ಕೆಳಗೆ ಗಾಳಿ ತುಂಬುವ ಕೊಳವೆ ಇರುವ, ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲು. ಹೊಡೆದರೆ ಅಲುಗುವುದೇ ಇಲ್ಲ. ಬೆರಳಲ್ಲಿ ಟ್ರಿಗರ್ ತೂಗಿ ನೋಡಿದೆ, ಬೆಣ್ಣೆ. ತಗೊಂಡೆ.

ಹಿಡಿ ಮಾತ್ರ ಅವನ ದೊಡ್ಡ ಕೈಗೆ ಕೆತ್ತಿದ್ದು. ಇಂಥ ಪಿಸ್ತೂಲಿನ ಹಿಡಿ ಅಂಗೈಯ ಏರಿಳಿತಕ್ಕೆ ತಕ್ಕಂತೆ ಇರುತ್ತದೆ, ಕೈಯನ್ನು ಚೀಲದೊಳಗೆ ಇಳಿಸಿದ ಹಾಗೆ ಅದರೊಳಗೆ ಇಳಿಸಬೇಕು. ಕೊಟ್ಟೂರಿನಲ್ಲಿ ಪರಿಚಯದ ಬಡಿಗೇರ ಅಣ್ಣನ ಹತ್ತಿರ ಒಯ್ದು, ಹುಡುಗಿಯನ್ನು ಎದುರಿಗೆ ಕೂಡಿಸಿ, ಅರ ಹಾಕಿಸಿ ಹಾಕಿಸಿ ಸಣ್ಣದು ಮಾಡಿಸಿದೆ. ಎರಡು ಸಲ ಹೋಗಿ ಬಂದೆವು.

ಒಂದು ಶುಕ್ರವಾರ ಗೋದಾಮಿನಲ್ಲಿ ಪೂಜೆ ಮಾಡಿದೆ. ನಮ್ಮ ಕಡೆ ಹೊಸ ಕುಡಗೋಲಿಗೂ ಪೂಜೆ ಇಲ್ಲದೆ ಕೆಲಸ ಹಚ್ಚುವುದಿಲ್ಲ, ಪೊಲೀಸ್ ಲೈನಿನಲ್ಲೂ ಆಯುಧ ಪೂಜೆಯ ದಿನ ಕೋತ್‌ಗೆ, ಅಂದರೆ ಬಂದೂಕಿನ ಕೋಣೆಗೆ, ಕಾಯಿ ಒಡೆಯದೆ ಬಿಟ್ಟವರಲ್ಲ. ಹಿಡಿಗೆ ವಿಭೂತಿ ಎಳೆದು ಕುಂಕುಮ ಇಟ್ಟು, ನಿಂಬೆಹಣ್ಣು ಇಳಿಸಿ, ತೀರ್ಥ ಕೊಡುವ ಹಾಗೆ ಹುಡುಗಿಯ ಬಲಗೈಗೆ ಕೊಟ್ಟೆ. ಅವಳೂ ತೀರ್ಥ ತಗೊಳ್ಳುವ ಹಾಗೆಯೇ ತಗೊಂಡಳು. ಎಂಥ ಚೆಂದ ಅನಿಸಿತ್ತು ಆಗ.

ನನ್ನ ಪಾಠವೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ನನಗೆ ಕಾಣದ್ದನ್ನು ಅವಳೇ ಹೇಳಬೇಕಲ್ಲ. ಪ್ರತಿ ಗುಂಡಿಗೂ ಹಿಂದಿನಿಂದ ಕೇಳುತ್ತಿದ್ದೆ, ಏನ್ ಕಾಣ್ತೈತಿ? ಮೊದಲ ವಾರವೇ ಅವಳು, "ಎರಡು ಕಾಣ್ತಾವ್ರಿ" ಅಂದಳು. ಫೋರ್‌ಸೈಟ್ ಎರಡು ಹೇಗೆ ಕಂಡೀತು? ಎಡಗಣ್ಣು ಮುಚ್ಚು ಅಂದೆ. ಮುಚ್ಚಿದರೆ ಮುಖವೆಲ್ಲ ಕಿವುಚಿಕೊಂಡು, ನಾಲ್ಕು ಗುಂಡಿಗೇ ತೋಳು ನಡುಗುತ್ತಿತ್ತು. ಚೊಂಬು ಹಿಡಿದ ಕೈ ಇದೇನಾ ಅನಿಸುವಷ್ಟು. ಕಣ್ಣಿನ ಡಾಕ್ಟರಿಗೆ ತೋರಿಸಿದರೆ, ಇಷ್ಟು ಒಳ್ಳೆಯ ಕಣ್ಣು ಅಪರೂಪ ಅಂದರು. ಹಾಗಾದರೆ ಹುಡುಗಿಗೆ ಲಕ್ಷ್ಯವಿಲ್ಲ ಎಂದು ತೀರ್ಮಾನಿಸಿ ದಿನಾ ಬೈಯತೊಡಗಿದೆ. ಪೊಲೀಸ್ ಬೈಗುಳ ಅಲ್ಲ, ಆದರೂ ಬೈಗುಳವೇ.

ಆಮೇಲೆ ಅವಳು ಎರಡು ಅನ್ನುವುದನ್ನು ಬಿಟ್ಟಳು. ಕೇಳಿದಾಗೆಲ್ಲ "ಒಂದ ಐತ್ರಿ" ಅನ್ನುವಳು. ನಾನು ಗುರಿಯ ಕಾಗದವನ್ನು ಕಣ್ಣಲ್ಲಿ ನೋಡಲಾರೆ, ಬೆರಳಲ್ಲಿ ಓದುತ್ತೇನೆ, ಪೆಲೆಟ್ ತೂರಿದ ಕಡೆ ಕಾಗದದ ಅಂಚು ಏಳುತ್ತದೆ. ತೂತುಗಳು ಎರಡು ಗುಂಪಾಗಿದ್ದವು, ನಡುವೆ ಮೂರು ಬೆರಳು ಖಾಲಿ. ಬಾಯಿ ಒಂದು ಅನ್ನುತ್ತಿತ್ತು, ಕಾಗದ ಎರಡು ಅನ್ನುತ್ತಿತ್ತು. ಅವತ್ತು ಪಾಠ ಅಲ್ಲಿಗೇ ನಿಲ್ಲಿಸಿ ಪಿಸ್ತೂಲು ಪೆಟ್ಟಿಗೆಗೆ ಹಾಕಿದೆ. ಅವಳು ಬಸ್ಸಿಗೆ ಹೋಗುವಾಗ ಹೋಗಿಬರ್ತೀನಿ ಕೂಡ ಅನ್ನಲಿಲ್ಲ.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಿಟ್ಟುಬಿಡೋಣ ಅಂದುಕೊಂಡೆ, ಆದರೆ ಸಂಜೆ ಐದಾದರೆ ಗೋದಾಮಿನ ಬಾಗಿಲಿಗೆ ಕಿವಿ ಹೋಗುತ್ತಿತ್ತು. ಮೂರನೆಯ ದಿನ ಅರಸೀಕೆರೆಯ ಬಸ್ಸು ಹತ್ತಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಸಜ್ಜೆ ತೆನೆ ಹಾಲುಗಟ್ಟಿದೆ, ಎಲ್ಲ ಹಕ್ಕಿ ಕಾಯಲು ಹೊಲಕ್ಕೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ದಾರಿ ತೋರಿಸಿದರು.

ಬದುವಿನ ಮೇಲೆ ನಿಂತೆ. ಹೊಲದ ನಡುವೆ ಅಟ್ಟಣಿಗೆ, ಅದರ ಮೇಲೆ ಒಂದು ಆಕೃತಿ. ನೆಟ್ಟಗೆ ನೋಡಿದರೆ ಮಬ್ಬು. ಆದರೆ ನನ್ನಂಥ ಕಣ್ಣಿಗೆ ಅಲುಗುವುದು ಓರೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿ ನಿಂತೆ. ಅವಳು ಕವಣೆ ಬೀಸುತ್ತಿದ್ದಳು. ತೋಳು ತಲೆಯ ಮೇಲೆ ಸುತ್ತು ತಿರುಗಿತು, ಮಣ್ಣಿನ ಹೆಂಟೆ ಸುಂಯ್ ಎಂದು ಹೋಗಿ ಆ ಕಡೆಯ ಬೇವಿನ ಗಿಡಕ್ಕೆ ಬಡಿಯಿತು, ಗುಬ್ಬಿಗಳ ಹಿಂಡು ಎದ್ದಿತು. ಇನ್ನೊಂದು ಸಲ ಬೀಸಿದಳು. ತಿರುಗುತ್ತಿದ್ದ ತೋಳು ಬಲದ್ದಲ್ಲ. ಎಡದ್ದು.

ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಹುಡುಗಿ ಎಡಚಿ, ಗುರಿ ಹಿಡಿಯುವಾಗ ಮಿದುಳು ನಂಬುವ ಕಣ್ಣೂ ಎಡದ್ದು. ನಾನು ಬಲಗೈಗೆ ಪಿಸ್ತೂಲು ಕೊಟ್ಟು ಬಲಗಣ್ಣಲ್ಲಿ ನೋಡು ಎಂದು ಪೀಡಿಸಿದ್ದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು, ಎರಡು ಕಾಣದೆ ಇನ್ನೇನು ಕಂಡೀತು? ಎಷ್ಟೋ ಜನಕ್ಕೆ ಕಲಿಸಿದ ನಾನು ಮೊದಲ ದಿನ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರಲಿಲ್ಲ. ಬರೆಯುವುದು ಬಲಗೈ, ಉಣ್ಣುವುದು ಬಲಗೈ, ಕೇಳುವುದೇನು ಅಂದುಕೊಂಡಿದ್ದೆ.

ಅಟ್ಟಣಿಗೆಯಿಂದ ಇಳಿದು ಬಂದವಳು ತಲೆ ತಗ್ಗಿಸಿ ನಿಂತಳು. ಎಡಗೈಯವಳು ಅಂತ ಯಾಕೆ ಹೇಳಲಿಲ್ಲ ಅಂದೆ, ಆದಷ್ಟು ಮೆತ್ತಗೆ.

"ಅದು ಪೂಜಿ ಮಾಡಿದ್ದ್ರೀ ಮೇಡಂ. ನೀವ ಬಲಗೈಗೆ ಕೊಟ್ರಿ. ಎಡಗೈಲೆ ಹೆಂಗ ಮುಟ್ಲಿ?"

ನನ್ನ ಕುಂಕುಮ, ನನ್ನ ನಿಂಬೆಹಣ್ಣು. ಹುಡುಗಿ ಅದನ್ನು ದೇವರಷ್ಟು ಗಂಭೀರವಾಗಿ ತಗೊಂಡಿದ್ದಳು.

ಅಜ್ಜಿ ಹೊಲದ ಇನ್ನೊಂದು ತುದಿಯಲ್ಲಿ ತಗಡು ಬಡಿಯುತ್ತಿದ್ದರು. ಆಗಲೇ ಮಾತಾಡಲಿಲ್ಲ. ಮೊದಲು ನನ್ನ ಲೆಕ್ಕ ಸರಿಯೇ ಎಂದು ನೋಡಬೇಕಿತ್ತು. ಗೋದಾಮಿನ ಪಿಸ್ತೂಲಿನ ಹಿಡಿಯಲ್ಲಿ ಎಡಗೈ ಕೂರುವುದೇ ಇಲ್ಲ, ಎಡಗಾಲಿಗೆ ಬಲಗಾಲಿನ ಜೋಡು. ಎರಡೂ ಕೈಗೆ ಆಗುವ ಚಪ್ಪಟೆ ಹಿಡಿ ಇದ್ದದ್ದು ನನಗೆ ಗೊತ್ತಿದ್ದಂತೆ ಒಂದಕ್ಕೇ. ಕ್ಲಬ್ಬಿನ ಆ ಪಾಯಿಂಟ್ ಟೂ-ಟೂ.

ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಕಾರ್ಯದರ್ಶಿ ಪಿಸ್ತೂಲು ತೆಗೆದು, ಮ್ಯಾಗಜಿನ್ ಕಳಚಿ, ಸ್ಲೈಡ್ ಹಿಂದಕ್ಕೆಳೆದು ನಳಿಗೆ ಖಾಲಿ ಇದೆ ಎಂದು ಇಬ್ಬರಿಗೂ ತೋರಿಸಿದರು. ನನಗೆ ಕಾಣದ್ದರಿಂದ ಕಿರುಬೆರಳು ಹಾಕಿ ನೋಡಿಕೊಂಡೆ. ಹುಡುಗಿಯ ಎಡಗೈಗೆ ಇಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿ, ತೋಳು ಎತ್ತಿದಳು. ಎರಡೂ ಕಣ್ಣು ತೆರೆದೇ ಇದ್ದವು.

ಏನ್ ಕಾಣ್ತೈತಿ ಅಂದೆ.

"ಒಂದ ಐತ್ರೀ ಮೇಡಂ. ಖರೇನ ಒಂದ ಐತಿ. ಕರ್ರಗೈತಿ, ಎರಡೂ ಬಾಜೂಕ ಬೆಳಕು ಸಮ ಐತಿ. ಮ್ಯಾಲಿನ ಅಂಚು ಬ್ಲೇಡ್ ಇದ್ದಂಗೈತ್ರಿ."

ಕಾರ್ಯದರ್ಶಿ ಗುಂಡಿನ ಡಬ್ಬಿ ಮೇಜಿನ ಮೇಲೆ ಇಟ್ಟರು. ಇಷ್ಟು ದೂರ ಬಂದೀರಿ, ಐದು ಹೊಡೀಲಿ ಬಿಡ್ರಿ ಅಂದರು. ಡಬ್ಬಿ ಅಲುಗಿದಾಗ ಹಿತ್ತಾಳೆಯ ಸದ್ದು ಬಂತು. ಐದರಿಂದ ಏನು ಕೆಟ್ಟೀತು ಅನಿಸಿತು. ನಾನು ಪಿಸ್ತೂಲನ್ನು ಅವಳಿಂದ ಇಸಕೊಂಡೆ. ಅದೇ ತೂಕ. ಅಂಗೈ ಅದನ್ನು ಮರೆತಿರಲಿಲ್ಲ, ಬೆರಳುಗಳು ತಾವೇ ಜಾಗ ಹುಡುಕಿಕೊಂಡವು. ತೋಳು ಎತ್ತಿದೆ. ತುದಿಯಲ್ಲಿ ಫೋರ್‌ಸೈಟ್ ಇರಬೇಕಾದ ಕಡೆ ಹೊಗೆಯಂಥ ಒಂದು ಮಬ್ಬು. ಕಣ್ಣು ಅತ್ತ ಇತ್ತ ಹೊರಳಿಸಿದೆ, ಮಬ್ಬೂ ಹೊರಳಿತು. ಅಳು ಬಂತು, ಅದನ್ನು ಬರೆಯಲು ನಾಚಿಕೆಯಿಲ್ಲ.

ಹುಡುಗಿ ಎಡಗೈಲಿ ಹೊಡೆಯುವ ಮೊದಲ ಗುಂಡು ಸದ್ದು ಮಾಡಬಾರದು. ಸದ್ದಿಗೆ ಒಮ್ಮೆ ಬೆಚ್ಚಿದರೆ ಬೆರಳು ಅದನ್ನೇ ಕಲಿಯುತ್ತದೆ, ಬಿಡಿಸಲು ತಿಂಗಳುಗಳು ಬೇಕು, ನಮ್ಮ ಹತ್ತಿರ ಅಷ್ಟು ದಿನ ಉಳಿದಿರಲಿಲ್ಲ. ಇದು ನನಗೆ ಮೊದಲಿಂದಲೂ ಗೊತ್ತಿದ್ದದ್ದೇ. ಆ ಸದ್ದು ಬೇಕಾಗಿದ್ದದ್ದು ನನಗೆ. ಪಿಸ್ತೂಲು ಕಾರ್ಯದರ್ಶಿಯ ಕೈಗೆ ಕೊಟ್ಟು, ಬೀಗ ಹಾಕ್ರಿ ಅಂದೆ. ಅವರು ಈ ಸಲ ನಗಲಿಲ್ಲ.

ಇನ್ನು ಅಜ್ಜಿ. ಗೋದಾಮಿಗೆ ಕರೆಸಿಕೊಂಡು, ಕೂಡಿಸಿ, ಚಹಾ ಕೊಟ್ಟು ವಿಷಯ ಹೇಳಿದೆ. ಅಜ್ಜಿ ಬಟ್ಟಲು ಕೆಳಗಿಟ್ಟರು. ಈ ಎಡಗೈ ಬಿಡಿಸಲು ಅವರು ತೊಟ್ಟಿಲಲ್ಲೇ ಬಟ್ಟೆ ಸುತ್ತಿದ್ದರಂತೆ, ಉಣ್ಣುವಾಗ ಕೈಮೇಲೆ ಹೊಡೆದಿದ್ದರಂತೆ. ಈಗ ನೀನು ತಿರುಗಾ ಕಲಿಸ್ತಿಯಾ ಅಂತ ನನ್ನ ಮೇಲೇ ಬಂದರು. ಹೊಲದಲ್ಲಿ ಕವಣೆ ಎಡಗೈಲಿ ಬೀಸುತ್ತಾಳಲ್ಲ ಅಂದೆ. ಹಕ್ಕಿಗೆ ಯಾವ ಕೈ ಆದರೇನು, ಪೂಜೆ ಮಾಡಿದ್ದಕ್ಕೆ ನಡೆಯುವುದಿಲ್ಲ ಅಂದರು. ಹೊಲಕ್ಕೊಂದು ಕಾನೂನು, ಮನೆಗೊಂದು.

ವಾದದಲ್ಲಿ ನಾನು ಸೋಲುತ್ತಿದ್ದೆ. ಆಗ ಹುಡುಗಿ ತಲೆಗೂದಲು ಸರಿಮಾಡಿಕೊಳ್ಳಲು ತೋಳೆತ್ತಿದಳು, ಸಮವಸ್ತ್ರದ ತೋಳಿನ ಕೆಳಗೆ ಕರಿ ದಾರ ಇಣುಕಿತು.

"ಅಜ್ಜೀ, ತಾಯ್ತ ಯಾವ ಕೈಗೆ ಕಟ್ಟೀರಿ?"

"ಹೆಣ್ಮಕ್ಕಳಿಗೆ ಎಡಗೈಗಲ್ಲೇನ್ ಕಟ್ಟೋದು" ಅಂದರು, ಇದೂ ಗೊತ್ತಿಲ್ಲವಾ ಎಂಬಂತೆ. ದೇವರ ತಾಯ್ತಕ್ಕೆ ಎಡಗೈ ಆಗುತ್ತದೆ ಎಂದು ತಾವೇ ಹೇಳಿದ್ದು ಅವರಿಗೆ ಆಗಲೇ ಹೊಳೆದಿರಬೇಕು. ಚಹಾ ಎತ್ತಿ ಪೂರ್ತಿ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, ಮೊಮ್ಮಗಳಿಗೆ ಹೇಳಿದರು: "ಇಸ್ಕೊಳ್ಳಾಗ ಬಲಗೈಲೆ ಇಸ್ಕೋ. ನಮಸ್ಕಾರ ಮಾಡು. ಆಮ್ಯಾಲೆ ಯಾವ ಕೈಲೆ ಬೇಕಾದ್ರ ಹೊಡಿ."

ನಮಸ್ಕಾರ ಪಿಸ್ತೂಲಿಗೆ ಬೇಡ, ಪೆಟ್ಟಿಗೆಯ ಮುಚ್ಚಳಕ್ಕೆ ಇರಲಿ ಎಂದು ನಾನೊಂದು ತಿದ್ದುಪಡಿ ಹಾಕಿದೆ. ಪಿಸ್ತೂಲನ್ನು ಯಾರೂ ಕಣ್ಣಿಗೆ ಒತ್ತಿಕೊಳ್ಳಬಾರದು. ಅಜ್ಜಿ ಅದಕ್ಕೂ ಒಪ್ಪಿದರು.

ಎಡಗೈ ಹಿಡಿಯನ್ನು ಹೊರದೇಶದಿಂದ ತರಿಸಲು ಕಾಲವಿರಲಿಲ್ಲ. ಬಡಿಗೇರ ಅಣ್ಣ ಹಳೆಯದನ್ನು ಕನ್ನಡಿಗೆ ಹಿಡಿದು ನೋಡಿಕೊಂಡು ಸಾಗವಾನಿಯಲ್ಲಿ ಒಂದು ಕೆತ್ತಿದ. ಅಂಗೈ ಊರುವ ಚಾಚು ಬಲಕ್ಕೇ ಬಂದಿತ್ತು, ಕೈ ಅಭ್ಯಾಸ. ಅದು ಒಲೆಗೆ ಹೋಯಿತು. ಎರಡನೆಯ ಸಲ ಕುಂಬಾರರ ಮನೆಯ ಜೇಡಿಮಣ್ಣು ತಂದು, ಹಿಡಿಯ ಒಳಗೆ ಕೂರುವ ಪಿಸ್ತೂಲಿನ ಕಬ್ಬಿಣದಷ್ಟೇ ದಪ್ಪದ ಕೋಲಿಗೆ ಮೆತ್ತಿ, ಹುಡುಗಿಯ ಕೈಗೆ ಕೊಟ್ಟೆವು. ಗುರಿ ಹಿಡಿದ ಹಾಗೆ ತೋಳು ಚಾಚಿ ಒತ್ತಿ ಹಿಡಿದಳು. ಒಣಗಿದ ಮೇಲೆ ಅಣ್ಣ ಆ ಮಣ್ಣನ್ನು ಬೆರಳಲ್ಲಿ ಸವರುತ್ತಾ, ಸವರುತ್ತಾ ಮರ ಕೆತ್ತಿದ. ನಾನು ಕಾಗದ ಓದುವ ಹಾಗೆಯೇ. ಹಿಡಿ ಕೈಗೆ ಬಂದ ದಿನ ತೂತುಗಳು ಒಂದೇ ಗುಂಪಾದವು. ನನ್ನ ಬೆರಳಿಗೆ ನಂಬಿಕೆ ಬಾರದೆ ಮತ್ತೆ ಮತ್ತೆ ಸವರಿದೆ.

ಅಷ್ಟರಲ್ಲಿ ಮೆಕ್ಕೆಜೋಳ ಬಂತು. ಟ್ರ್ಯಾಕ್ಟರು ಸಾಲುಗಟ್ಟಿದವು, ವ್ಯಾಪಾರಿಗೆ ಗೋದಾಮು ಬೇಕಾಯಿತು. ಅವರ ಮಗಳೂ ನಮ್ಮ ಹುಡುಗಿಯ ವಯಸ್ಸಿನವಳೇ, ಅದಕ್ಕೋ ಏನೋ, ಚೀಲಗಳ ಎರಡು ಗೋಡೆಗಳ ನಡುವೆ ಒಂದು ಓಣಿ ಬಿಡಿಸಿಕೊಟ್ಟರು. ಹಮಾಲರು ಬರುವ ಮೊದಲು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೊಡೆಯಬೇಕು. ಎರಡೂ ಕಡೆ ತಲೆಯೆತ್ತರ ಜೋಳದ ಚೀಲ, ನಡುವೆ ಹುಡುಗಿ, ಹಿಂದೆ ನಾನು. ಸದ್ದೆಲ್ಲ ಚೀಲ ನುಂಗುತ್ತಿತ್ತು. ಪ್ರಶ್ನೆ ಒಂದೇ, ಉತ್ತರ ಒಂದೇ. ನನಗೆ ಆ ಬೆಳಗುಗಳು ಮುಗಿಯಬಾರದು ಅನಿಸುತ್ತಿತ್ತು, ಮುಗಿಯಲಿ ಎಂದೇ ಇಬ್ಬರೂ ದುಡಿಯುತ್ತಿದ್ದೆವು.

ಆಯ್ಕೆಯ ದಿನ ಅವಳು ಬಲಗೈಲಿ ಪೆಟ್ಟಿಗೆ ಮುಟ್ಟಿ ನಮಸ್ಕಾರ ಮಾಡಿ, ಬಲಗೈಲಿ ಪಿಸ್ತೂಲು ಎತ್ತಿ, ಎಡಗೈಗೆ ದಾಟಿಸಿದಳು. ಪಕ್ಕದ ಹುಡುಗರು ನಕ್ಕರು. ನಾನು ದೂರದ ಬೆಂಚಿನಲ್ಲಿದ್ದೆ, ಅಲ್ಲಿ ಪ್ರಶ್ನೆ ಕೇಳುವಂತಿಲ್ಲ. ಪ್ರತಿ ಗುಂಡಿಗೂ ಮನಸ್ಸಿನಲ್ಲೇ ಕೇಳಿದೆ. ಸಂಜೆ ಹೆಸರು ಓದಿದಾಗ ಅವಳದ್ದಿತ್ತು. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು, ಯಾವುದು ಎಡ, ಯಾವುದು ಬಲ ಎಂದು ನೋಡಲಿಲ್ಲ.

ಈಗ ಅವಳು ಹಾಸ್ಟೆಲ್ಲಿನಲ್ಲಿದ್ದಾಳೆ. ಪಿಸ್ತೂಲೂ ಅವಳ ಜೊತೆಗೇ ಹೋಯಿತು. ನನ್ನ ಹತ್ತಿರ ಉಳಿದದ್ದು ಆ ಜೇಡಿಮಣ್ಣಿನ ಹಿಡಿ, ಅಡುಗೆಮನೆಯ ಗೂಡಿನಲ್ಲಿದೆ. ಬೇರೆ ಮಕ್ಕಳು ಬರುತ್ತಾರೆ, ಮೊದಲ ದಿನವೇ ಎಲ್ಲರಿಗೂ ಕವಣೆ ಕೊಟ್ಟು ನೋಡುತ್ತೇನೆ. ಒಳ್ಳೆಯ ಮಕ್ಕಳೇ. ಆದರೂ ಬೆಳಿಗ್ಗೆ ಬಾಗಿಲ ಸದ್ದಾದರೆ ನಾನು ನಿರೀಕ್ಷಿಸುವುದು ಬೇರೆ ಹೆಜ್ಜೆಯನ್ನು.

ಮೊನ್ನೆ ಭಾನುವಾರ ಅವಳ ಫೋನು ಬಂತು. ಕುಕ್ಕರ್ ಇಟ್ಟು ನಿಂತಿದ್ದೆ. ಮೊದಲು ಊಟದ ಸುದ್ದಿ, ಅಜ್ಜಿಯ ಸುದ್ದಿ. ಆಮೇಲೆ, ಇವತ್ತು ಪಾಯಿಂಟ್ ಟೂ-ಟೂ ಕೊಟ್ಟರು ಅಂದಳು. ನಾನು ಗ್ಯಾಸು ಆರಿಸಿದೆ. ಬೆಚ್ಚಿದೆಯಾ ಅಂದರೆ, ಇಲ್ಲ, ಮೊದಲ ಗುಂಡಿಗೂ ಬೆಚ್ಚಲಿಲ್ಲ ಅಂದಳು. ಅವಳೇ ಕೇಳಿದಳು.

"ಏನ್ ಕಾಣ್ತಂತ ಹೇಳ್ಲೇನ್ರೀ ಮೇಡಂ?"

ಹೇಳು ಅಂದೆ. ಅವಸರವಿಲ್ಲದೆ ಹೇಳಿದಳು, ಕರಿ ತುಂಡು, ಎರಡು ಪಕ್ಕದ ಬೆಳಕು, ಮೇಲಂಚು. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಮುಗಿದ ಮೇಲೆ ಕಣ್ಣು ತೆರೆದರೆ ಫೋನು ಎಡಗೈಯಲ್ಲಿತ್ತು, ಬಲಗೈ ಭುಜದ ಮಟ್ಟಕ್ಕೆ ಚಾಚಿಕೊಂಡಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ.